ಮುದ್ದಮ್ಮನ ಖಾಲಿ ಸಾಲು

“ಅಮ್ಮಾ, ನಾವು ಮನೇಲಿರೋದು ತುಂಗಜ್ಜಿಗೆ ಹೇಗೆ ಗೊತ್ತಾಗುತ್ತೆ?” ಎಂದು ನಿನ್ನೆ ನಿಖಿತಾ ಕೇಳಿದಳು.

ಆರು ವರ್ಷದ ಮಗಳು ಕೇಳಿದ ಮೇಲೆ ನಾನೂ ಲೆಕ್ಕ ಹಾಕಿದೆ. ಇದೇ ಜಾವಳಿ ಊರಿನಲ್ಲಿ, ನಮ್ಮ ಕಾಫಿ ತೋಟದಾಚೆ ಮನೆಯಿರುವ ತುಂಗಮ್ಮನವರು ಫೋನ್ ಮಾಡಿ ಬಂದವರೇ ಅಲ್ಲ. “ಹೀಗೇ ಈ ಕಡೆ ಬಂದೆ” ಎನ್ನುತ್ತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಆದರೂ ನಮ್ಮ ಮನೆಗೆ ಬೀಗ ಹಾಕಿದ್ದ ದಿನ ಬಂದು ವಾಪಸ್ ಹೋದದ್ದಿಲ್ಲ. ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಬಂದದ್ದಿಲ್ಲ. ಹಳೆಯ ದಿನಚರಿಗಳನ್ನು ತಿರುವಿ ನೋಡಿದೆ. ಅವರು ಬಂದದ್ದೆಲ್ಲ ನನ್ನ ಕೈ ಖಾಲಿಯಿದ್ದು, ಯಾರಾದರೂ ಬಂದರೆ ಸಾಕು ಎನಿಸಿದ್ದ ದಿನಗಳಲ್ಲೇ.

ಇವತ್ತು ಅವರ ಸ್ಟೀಲ್ ಡಬ್ಬಿ ಹಿಂದಿರುಗಿಸುವ ನೆಪದಲ್ಲಿ ಹೋದೆ. ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜಕ್ಕೆ ಕೈಯಾಡಿಸುತ್ತಿದ್ದವರು, ಡಬ್ಬಿ ಅಡುಗೆಮನೆಯಲ್ಲಿಡು ಎಂದರು. ಇಟ್ಟು ತಿರುಗಿದರೆ, ಬಾಗಿಲ ಹಿಂದೆ ಹಳೇ ಕ್ಯಾಲೆಂಡರೊಂದು ಹಿಂದುಮುಂದಾಗಿ ತೂಗುತ್ತಿತ್ತು. ಅದರ ಬೆನ್ನ ಮೇಲೆ ಗೆರೆ ಎಳೆದು ಏಳು ಮನೆಗಳ ಹೆಸರು, ಪೆನ್ಸಿಲ್ಲಿನಲ್ಲಿ. “ಅರ್ಚನಾ: ಅತ್ತೆಗೆ ಕಣ್ಣಿನ ಆಪರೇಷನ್. ಹದಿನೈದು ದಿನ ಬೇಡ.” “ದಿವ್ಯಾ: ಕೊಯ್ಲು ಮುಗೀತು. ಗುರುವಾರ ಗಂಡ ಮೂಡಿಗೆರೆಗೆ. ಹೋಗಬಹುದು.”

ದಿವ್ಯಾ ನಾನೇ.

ಹಿಂದೆಯೇ ಬಂದು ನಿಂತಿದ್ದ ತುಂಗಮ್ಮನವರು ನಕ್ಕುಬಿಟ್ಟರು. “ಕಳ್ಳಿ ಸಿಕ್ಕಿಬಿದ್ಲು ನೋಡು ಮಾರಾಯ್ತಿ.” ಸುದ್ದಿಯೆಲ್ಲ ಬೆಳಿಗ್ಗೆ ಹಾಲು ಹಾಕಲು ಹೋದಾಗ ಸೊಸೈಟಿಯಲ್ಲಿ ಸಿಗುತ್ತದಂತೆ.

“ಇಷ್ಟೆಲ್ಲ ಬರೆಯೋ ಬದ್ಲು ಒಂದು ಫೋನ್ ಮಾಡಬಹುದಲ್ಲ ತುಂಗತ್ತೆ?”

“ಫೋನ್ ಮಾಡಿದ್ರೆ ನೀನು ಮನೆ ಗುಡಿಸ್ತೀಯ, ಕಡುಬು ಬೇಯಿಸ್ತೀಯ. ನಾನು ನೆಂಟ್ರ ಥರ ಕುರ್ಚೀಲಿ ಕೂರ್ಬೇಕು.”

ಏಳರಲ್ಲಿ ಒಂದು ಸಾಲು ಮಾತ್ರ ಖಾಲಿಯಿತ್ತು: ಮುದ್ದಮ್ಮ. ಯಾಕೆಂದು ಕೇಳಿದೆ. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದರು.

ಕೊಟ್ಟಿಗೆಹಾರದಲ್ಲಿ ದಿನಸಿ ಅಂಗಡಿಯಿರುವ ಮುದ್ದಮ್ಮ ಇವರಿಗೆ ಇಪ್ಪತ್ತು ವರ್ಷಗಳಿಂದ ಗೆಳತಿ. ಅಂಗಡಿಯ ಹಿಂದೆಯೇ ಮನೆ. ತುಂಗಮ್ಮನವರು ಯಾವಾಗಲೂ ಹಿಂದಿನ ಬಾಗಿಲಿನಿಂದಲೇ ಒಳಹೋಗುತ್ತಿದ್ದರು. ಮೂರು ವರ್ಷದ ಕೆಳಗೆ ಹಾಗೆಯೇ, ಅರ್ಧ ಹಲಸಿನಹಣ್ಣು ಸೊಂಟದ ಮೇಲಿಟ್ಟುಕೊಂಡು, ಕೂಗುತ್ತಾ ನಡುಮನೆಗೆ ನುಗ್ಗಿದ್ದಾರೆ. ಅಲ್ಲಿ ಮುದ್ದಮ್ಮನ ಮಗಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಸಾಲಾಗಿ ಕೂತಿದ್ದಾರೆ. ಇವರ ಸೀರೆಯ ತುಂಬ ಹಲಸಿನ ಮೇಣ. ಮುದ್ದಮ್ಮ ಇವರನ್ನು ಒಳಗೆ ಕರೆದು, “ಒಂದು ಮಾತು ಹೇಳಿ ಬರಬಾರ್ದಿತ್ತೇನೆ?” ಎಂದರಂತೆ. ಅಷ್ಟೇ. ಆ ಸಂಬಂಧ ಕೂಡಲಿಲ್ಲ. ಅದಕ್ಕೆ ಕಾರಣ ಬೇರೆ, ಯಾರೂ ಇವರನ್ನು ದೂರಲಿಲ್ಲ. ಆದರೆ ಆ ವಾರವೇ ಇವರು ಕ್ಯಾಲೆಂಡರು ತಿರುಗಿಸಿ ಗೆರೆ ಎಳೆದರು. ಆಮೇಲೆ ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಮದುವೆ ಕಾಗದ ಬಂತು, ಹೋಗಿ ಊಟ ಮಾಡಿ ಬಂದರು. “ಕರೆದ್ರು ಅಂತ ಹೋಗಿದ್ದಪ್ಪ ಅದು,” ಎಂದರು. ಹಿಂದಿನ ಬಾಗಿಲಿಗೆ ಮಾತ್ರ ಮತ್ತೆ ಹೋಗಿಲ್ಲ. ಕೊಟ್ಟಿಗೆಹಾರದ ಸುದ್ದಿ ನಮ್ಮ ಹಾಲಿನ ಸೊಸೈಟಿಗೆ ಬರುವುದಿಲ್ಲವಲ್ಲ.

ಹೊರಡುವಾಗ ಡಬ್ಬಿಗೆ ಚಕ್ಕುಲಿ ತುಂಬಿ ನನ್ನ ಕೈಗೇ ವಾಪಸ್ ಕೊಟ್ಟರು. ಕೊಟ್ಟವರು ಡಬ್ಬಿಯ ಮೇಲಿನ ಕೈ ತೆಗೆಯಲಿಲ್ಲ.

“ಶನಿವಾರ ನೀನು ಸಾಮಾನಿಗೆ ಅವಳ ಅಂಗಡಿಗೇ ಹೋಗ್ತೀಯಲ್ಲ. ಹಾಗೇ ಮಾತಿಗೆ ಕೇಳು, ಯಾವತ್ತು ಅಂಗಡೀಲಿ ಮಗನ್ನ ಕೂರಿಸ್ತಾಳೆ, ಎಷ್ಟೊತ್ತಿಗೆ ಒಬ್ಳೇ ಇರ್ತಾಳೆ ಅಂತ. ನಾನು ಕೇಳ್ದೆ ಅನ್ಬೇಡ. ಮತ್ತೆ, ಹಿಂದಿನ ಬಾಗ್ಲು ಈಗ್ಲೂ ಚಿಲಕ ಹಾಕ್ದೇ ಇಡ್ತಾಳಾ, ಅದೊಂದು ನೋಡ್ಕೊಂಡು ಬಾ.”