ಮೂರನೆಯ ಸಾಕು

ಹುಬ್ಬಳ್ಳಿಯ ಆ ಹೋಟೆಲಿನ ಬದನೆಕಾಯಿ ಪಲ್ಯದ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಮೇಲೆ ಒಂದು ಬೆರಳು ದಪ್ಪ ಎಣ್ಣೆ, ಕಣ್ಣಲ್ಲಿ ನೀರು ತರಿಸುವ ಖಾರ, ಹುಡುಕಿದರೂ ತೆಂಗಿನಕಾಯಿಯ ಒಂದು ಚೂರಿಲ್ಲ. ಕಾಯಿ ಅರೆಯದೆ ಅಡುಗೆಯೇ ಆಗುವುದಿಲ್ಲ ಎಂದು ನಂಬಿ ಬೆಳೆದ ಹೊಸನಗರದ ನಾಲಿಗೆ ನನ್ನದು. ಆ ಊಟದಲ್ಲಿ ಬಾಯಿಗೆ ಹಿತವಾಗಿದ್ದದ್ದು ಮಜ್ಜಿಗೆ ಒಂದೇ.

ಬಡಿಸುವವನು ಜಗ್ಗು ಹಿಡಿದು ಬಂದು, “ಇನ್ನೊಂದಿಷ್ಟು ಮಜ್ಜಿಗಿ ಹಾಕ್ಲೇನ್ರಿ?” ಎಂದ. ಮರ್ಯಾದೆಗೆ “ಸಾಕು” ಎಂದೆ. ನಮ್ಮಲ್ಲಿ ನೆಂಟರ ಮೊದಲ ಸಾಕು, ಎರಡನೆಯ ಸಾಕು ಲೆಕ್ಕಕ್ಕೇ ಇಲ್ಲ. ಮೂರನೆಯದನ್ನೂ ಕಿವಿಗೆ ಹಾಕಿಕೊಳ್ಳದೆ ಬಡಿಸಿದರೇ ಉಪಚಾರ. ಈ ಪುಣ್ಯಾತ್ಮ ಒಂದೇ ಮಾತಿಗೆ ತಿರುಗಿ ಹೋಗಿಬಿಟ್ಟ!

“ಎಂತ ಮಾರಾಯ ಇದು!” ಎಂದು ಗೊಣಗಿದೆ. ಗಲ್ಲಾದಲ್ಲಿ ಕುಳಿತಿದ್ದ ಮಾಲೀಕರ ಕಿವಿ ನೆಟ್ಟಗಾಯಿತು.

“ನಮ್ ಕಡೆಯವ್ರಾ? ನಂದು ತೀರ್ಥಹಳ್ಳಿ,” ಎನ್ನುತ್ತ ಎದ್ದು ಬಂದರು. ಹೊಸನಗರ ಎಂದೆ. ಅವರ ಮುಖ ಅರಳಿತು. ಸದ್ಯ, ಇನ್ನಾದರೂ ಮಜ್ಜಿಗೆ ಬರುತ್ತದೆ ಎಂದುಕೊಂಡೆ. ಅವರು ಒಳಗೆ ಹೋಗಿ ಪಲ್ಯದ ಪಾತ್ರೆಯನ್ನೇ ಎತ್ತಿಕೊಂಡು ಬಂದರು.

“ಸಾಕು,” ಎಂದೆ. ಒಂದು ಸೌಟು ಬಿತ್ತು. “ಅಯ್ಯೋ, ನಿಜವಾಗ್ಲೂ ಸಾಕು!” ಎಂದು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದೆ.

“ನಮ್ ಕಡೆಯವ್ರ ಸಾಕು ನಂಗ್ ಗೊತ್ತಿಲ್ವಾ? ಸುಮ್ನೆ ಕೈ ತೆಗೀರಿ,” ಎಂದು ಅಕ್ಕರೆಯಿಂದ ಗದರಿ, ಬೆರಳ ಸಂದಿಯಲ್ಲೇ ಮತ್ತೆರಡು ಸೌಟು ಸುರಿದರು.