ಮಲ್ಲಿಗೆ ಬುಡದ ಮೊಟ್ಟೆಗಳು

ಮೊದಲು ಹೆಗ್ಗಣ ಸತ್ತಿದೆ ಅಂದುಕೊಂಡೆವು. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಯಾವ ಕೆಟ್ಟ ವಾಸನೆ ಎದ್ದರೂ ಮೊದಲ ಅಪವಾದ ಹೆಗ್ಗಣಕ್ಕೆ, ಎರಡನೆಯದು ಮ್ಯಾನ್‌ಹೋಲಿಗೆ. ಮೋರಿಯ ಚಪ್ಪಡಿ ಎತ್ತಿಸಿ ನೋಡಿದೆ, ಸಂಪಿನ ಮುಚ್ಚಳ ತೆಗೆದು ಇಣುಕಿದೆ, ನೀರಿನ ಮೋಟಾರಿನ ಹಿಂದೆ ಕೋಲು ಹಾಕಿ ಕೆದಕಿದೆ. ಏನೂ ಸಿಗಲಿಲ್ಲ. ವಾಸನೆ ಮಾತ್ರ ಬೆಳಿಗ್ಗೆ ಜೋರಾಗಿ ಬಂದು, ಸಂಜೆಗೆ ಸ್ವಲ್ಪ ಇಳಿದು, ಮಾರನೆಯ ದಿನ ಮತ್ತೆ ಹಾಜರಾಗುತ್ತಿತ್ತು.

ಬೇರೆ ಸಮಯವಾಗಿದ್ದರೆ ಮೂಗು ಮುಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಆ ಮಳೆಗಾಲ ನನ್ನ ಯಜಮಾನರು ಮುಂದಿನ ಕೋಣೆಯಲ್ಲಿ, ತೋಟದ ಕಡೆಯ ಕಿಟಕಿ ಪಕ್ಕ ಮಲಗಿದ್ದರು. ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, "ಅವರಿಗೆ ಇಷ್ಟವಾದದ್ದು ಕೊಡಿ, ಇಷ್ಟವಾದವರು ಹತ್ತಿರ ಇರಲಿ" ಅಂದಿದ್ದರು. ಅದರ ಅರ್ಥ ಕೇಳುವ ಅಗತ್ಯ ನನಗೆ ಬೀಳಲಿಲ್ಲ. ಆಕ್ಸಿಜನ್ ಯಂತ್ರ ಗುರುಗುಟ್ಟುತ್ತಿರುವಾಗ ಇವರು ಕಿಟಕಿ ತೆಗೆಸಿಕೊಂಡು ಮಲ್ಲಿಗೆ ಬಳ್ಳಿ ನೋಡುತ್ತಿದ್ದರು. ತೋಟ ಇವರದೇ. ಇಪ್ಪತ್ತಡಿ ಉದ್ದ ಆರಡಿ ಅಗಲದ ಆ ಜಾಗಕ್ಕೆ ತೋಟ ಎಂದು ಹೆಸರಿಟ್ಟವರೂ ಇವರೇ. ಇವರು ಮಲಗಿದ ಮೇಲೆ ಗಿಡಗಳಿಗೆ ನಾನೂ ಏನಾದರೂ ಮಾಡಬೇಕೆನಿಸಿ, ಮಂಡಿ ಮೊಹಲ್ಲಾದ ಮರಗೆಲಸದ ಅಂಗಡಿಯಿಂದ ಎರಡು ಮೂಟೆ ಮರದ ಹೊಟ್ಟು ತರಿಸಿ ಬುಡಕ್ಕೆಲ್ಲ ಹರಡಿದ್ದೆ.

ಇಷ್ಟವಾದವರು ಎಂದರೆ ಇವರ ಅಕ್ಕ. ನನಗೆ ಅತ್ತಿಗೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವರು. ಗಂಡ ಹೋದ ಮೇಲೆ ನಂಜನಗೂಡಿನಲ್ಲಿ ಮಗಳ ಮನೆಯಲ್ಲಿದ್ದರು. ತಮ್ಮ ಹಾಸಿಗೆ ಹಿಡಿದ ಸುದ್ದಿ ಕೇಳಿ ಒಂದು ಬಟ್ಟೆಚೀಲ ಹಿಡಿದು ಬಂದುಬಿಟ್ಟರು. ನಾನು ತುತ್ತು ಇಟ್ಟರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಅಕ್ಕ ಕಲಸಿದ ಮೊಸರನ್ನವನ್ನು ಮಗುವಿನ ಹಾಗೆ ತಿನ್ನುತ್ತಿದ್ದರು. ನನಗೆ ಅದು ಸರಿಬರಲಿಲ್ಲ. ಮೂವತ್ತೈದು ವರ್ಷ ಇವರ ಜೊತೆ ಸಂಸಾರ ಮಾಡಿದವಳು ನಾನು, ಕೊನೆಗಾಲಕ್ಕೆ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಲ್ಲುವ ಪಾಡಾಯಿತಲ್ಲ ಅನ್ನಿಸುತ್ತಿತ್ತು. ಅದು ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ.

ಮೊಟ್ಟೆಗಳನ್ನು ಮೊದಲು ಕಂಡವರು ಪಕ್ಕದ ಮನೆಯಾಕೆ. ಹೂ ಬಿಡಿಸಿಕೊಳ್ಳಲು ಬಂದವರು ಬುಟ್ಟಿ ಅಲ್ಲೇ ಇಟ್ಟು ನನ್ನನ್ನು ಕೂಗಿದರು. ಮಲ್ಲಿಗೆ ಬುಡದಲ್ಲಿ, ಒದ್ದೆ ಹೊಟ್ಟಿನೊಳಗೆ ಅರ್ಧ ಹೂತ ಹಾಗೆ, ನಾಲ್ಕು ಬಿಳಿ ಮೊಟ್ಟೆ.

"ನಿಮ್ಮನೇಲಿ ಮೊಟ್ಟೆ ಎಲ್ಲಿಂದ ಬರ್ಬೇಕು ಹೇಳಿ? ಯಾರೋ ಮಾಡ್ಸಿ ಹೂತಿದಾರೆ ಕಣ್ರೀ" ಎಂದರು ಆಕೆ, ದನಿ ತಗ್ಗಿಸಿ. "ಮನೇಲಿ ಮಲಗಿರೋರನ್ನ ಇಟ್ಕೊಂಡು ಇದನ್ನ ಹಗುರವಾಗಿ ತಗೋಬೇಡಿ."

ನಮ್ಮದು ಮೊಟ್ಟೆಯ ಹೆಸರನ್ನೂ ಎತ್ತದ ಮನೆ. ಎಗ್‌ಲೆಸ್ ಎಂದು ದೊಡ್ಡದಾಗಿ ಬರೆದಿದ್ದರೂ ಬೇಕರಿಯವನನ್ನು ಎರಡು ಸಲ ಕೇಳಿ ಕೇಕು ತರುವವರು ನಾವು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕಪ್ಪೆ ಕೊಯ್ದು ತೋರಿಸಿದ ಈ ಕೈ ಒಂದು ಕೋಳಿಮೊಟ್ಟೆಯನ್ನು ಮುಟ್ಟಿರಲಿಲ್ಲ. ದೂರ ನಿಂತು ಕೋಲಿನಿಂದ ತಿವಿದೆ. ಚಿಪ್ಪು ಒಡೆಯಲಿಲ್ಲ, ತೊಗಲಿನ ಹಾಗೆ ಹರಿಯಿತು. ಒಳಗೆ ಲೋಳೆ, ಲೋಳೆಯ ನಡುವೆ ಕೆಂಪು. "ಕುಂಕುಮ ತುಂಬಿದಾರೆ" ಎಂದರು ಪಕ್ಕದಾಕೆ. ಮಾಟ ಮಂತ್ರ ಎಂದವರನ್ನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ಗೇಲಿ ಮಾಡುತ್ತಿದ್ದ ನಾನು ಆವತ್ತು ಕೋಲು ಎಸೆದು ಹಿಂದೆ ಸರಿದೆ. ಮೊಟ್ಟೆಯ ಚಿಪ್ಪು ಹರಿಯುವುದಿಲ್ಲ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು, ಮೊಟ್ಟೆ ತಿನ್ನುವವರ ಮನೆಯ ಮಗುವಾಗಿದ್ದರೆ.

ಹೋಗುವ ಮುಂಚೆ ಆಕೆ ಇನ್ನೊಂದು ಮಾತು ಹೇಳಿದರು. "ನಿಮ್ಮ ಅತ್ತಿಗೆ ದಿನಾ ಬೆಳಿಗ್ಗೆ ಅಲ್ಲೇ ಕೂತು ಏನೋ ಅಗೀತಿರ್ತಾರೆ. ನಾನು ಮಹಡಿಯಿಂದ ನೋಡ್ತಿರ್ತೀನಿ. ನನಗ್ಯಾಕೆ ಬಿಡಿ."

ನನಗೆ ಅಷ್ಟು ಸಾಕಾಯಿತು. ಆಸ್ತಿಯಿಲ್ಲ, ಜಗಳವಿಲ್ಲ, ಸಾಕಿದ ತಮ್ಮನಿಗೆ ಅಕ್ಕ ಯಾಕೆ ಕೇಡು ಬಯಸುತ್ತಾಳೆ ಎಂದು ಒಂದು ಗಳಿಗೆ ಯೋಚಿಸಿದ್ದರೂ ಮುಗಿದುಹೋಗುತ್ತಿತ್ತು. ಯೋಚಿಸಲಿಲ್ಲ. ಎಷ್ಟೋ ವಾರಗಳಿಂದ ಆಕೆಯ ಮೇಲೆ ಸಿಟ್ಟು ಮಾಡಲು ಒಂದು ಕಾರಣ ಬೇಕಾಗಿತ್ತು, ಸಿಕ್ಕಿತು.

ಮಧ್ಯಾಹ್ನ ಇವರಿಗೆ ಜೊಂಪು ಹತ್ತಿದಾಗ ಕೇಳಿದೆ, "ತೋಟದಲ್ಲಿ ಏನು ಹೂಳ್ತಿದೀರಿ ಅತ್ತಿಗೆ?"

"ಏನೋ ಕೊಳೆತದ್ದು ಬಿದ್ದಿರತ್ತೆ ಕಣೇ, ಕೆಂಪಗೆ, ಲೋಳೆಲೋಳೆ. ನೊಣ ಮುತ್ತಿರತ್ತೆ. ಇವನಿಗೆ ವಾಸನೆ ತಟ್ಟತ್ತಲ್ಲ ಅಂತ ಕರಟದಲ್ಲಿ ಬಾಚಿ ಮಣ್ಣು ಮುಚ್ತೀನಿ."

"ಹಾಗಿದ್ರೆ ಇವರ ತಲೆ ಮುಟ್ಟಿ ಆಣೆ ಮಾಡಿ. ನಾನೇನೂ ಮಾಡಿಲ್ಲ ಅನ್ನಿ."

ಆಕೆಗೆ ನನ್ನ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮಂಚದ ಮೇಲಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಉಸಿರೆಳೆಯೋಕೆ ಒದ್ದಾಡ್ತಿರೋನ ತಲೆ ಮೇಲೆ ಆಣೆ ಇಡ್ತಾರೇನೇ? ನಿಜವಾದ ಆಣೆ ಆದ್ರೂ ಬೇಡ. ದೇವರ ದೀಪ ಮುಟ್ಟು ಅನ್ನು, ಮುಟ್ತೀನಿ. ಇವನನ್ನ ಮುಟ್ಟಿ ಇಡಲ್ಲ."

ಅವರು ಹೆದರಿದ್ದು ತಮ್ಮನಿಗೆ ಏನಾದರೂ ಆದೀತೆಂದು. ನಾನು ಅದನ್ನು ತಪ್ಪೊಪ್ಪಿಗೆ ಎಂದು ತಿಳಿದೆ. "ನಾಳೆ ಬೆಳಿಗ್ಗೆ ನಿಮ್ಮ ಮಗಳ ಮನೆಗೆ ಹೊರಡಿ" ಎಂದೆ. ಅವರು ಅಳಲಿಲ್ಲ, ವಾದಿಸಲಿಲ್ಲ. ಮಾರನೆಯ ಬೆಳಿಗ್ಗೆ ತಮ್ಮನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಬಟ್ಟೆಚೀಲ ತೆಗೆದುಕೊಂಡು ಹೋದರು. ಇವರು ಕೇಳಿದಾಗ, ಅಳಿಯನಿಗೆ ಹುಷಾರಿಲ್ಲವಂತೆ ಎಂದು ಸುಳ್ಳು ಹೇಳಿದೆ.

ವಾಸನೆ ಹೋಗಲಿಲ್ಲ. ಹೆಚ್ಚಾಯಿತು. ಬಾಚಿ ಮುಚ್ಚುವವರು ಇರಲಿಲ್ಲವಲ್ಲ, ಮಾಟದ ಹೆದರಿಕೆಗೆ ನಾನು ಆ ಬುಡದ ಕಡೆ ಹೋಗುತ್ತಿರಲಿಲ್ಲ.

ಹನ್ನೊಂದು ದಿನ ಕಳೆದು ಒಂದು ಸೋಮವಾರ, ಇವರ ಮೈ ಒರೆಸಲು ಅಶೋಕಪುರಂನಿಂದ ಬರುತ್ತಿದ್ದ ಹೋಮ್ ನರ್ಸ್ ಸ್ಕೂಟರ್ ನಿಲ್ಲಿಸಿ ವಾಸನೆಯ ಜಾಡು ಹಿಡಿದು ನೇರ ಮಲ್ಲಿಗೆ ಬುಡಕ್ಕೆ ಹೋದಳು. ನಾನು ಹಿಂದೆಯೇ ಓಡಿದೆ. "ಮುಟ್ಟಬೇಡ, ಮಾಟದ ಮೊಟ್ಟೆ!"

ಅವಳು ಆಗಲೇ ಒಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಿದ್ದಳು. "ಮೊಟ್ಟೆ ಎಲ್ಲಮ್ಮ ಇದು? ಮೆತ್ತಗಿದೆ. ನೋಡಿ, ತಳದಲ್ಲಿ ಬೇರು ಬೇರೆ ಬಿಟ್ಬುಟ್ಟದೆ. ಮೊಟ್ಟೆಗೆ ಎಲ್ಲಾದ್ರೂ ಬೇರು ಇರ್ತದಾ? ಇದು ನಾಯಿಕೊಡೆ ಕಣಮ್ಮ, ಅಣಬೆ ಜಾತಿ. ಅಗೋ, ಅಲ್ಲಿ ಒಡ್ಕಂಡು ಎದ್ದದೆ."

ಒಡೆದ ಬಿಳಿ ಸಿಪ್ಪೆಯೊಳಗಿಂದ ಬೆರಳಿನಷ್ಟು ದಪ್ಪದ ಕೆಂಪು ಕಾಂಡವೊಂದು ನೆಟ್ಟಗೆ ನಿಂತಿತ್ತು. ತುದಿಗೆ ಕಪ್ಪುಹಸಿರು ಲೋಳೆ, ಲೋಳೆಯ ತುಂಬ ನೊಣ. ಬಗ್ಗಿ ಮೂಸಿದೆ, ಅದೇ ವಾಸನೆ. ಫೋಟೋ ತೆಗೆದು, ಈಗ ಸಸ್ಯಶಾಸ್ತ್ರದ ಮೇಷ್ಟ್ರಾಗಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಮಾಡಿದ. "ಸ್ಟಿಂಕ್‌ಹಾರ್ನ್ ಮೇಡಂ, ನಾರೋ ಅಣಬೆ. ಮೊದಲು ಮೊಟ್ಟೆ ಥರಾನೇ ಇರತ್ತೆ, ಬೆಳಗಿನ ಜಾವ ಒಡೆದು ಏಳತ್ತೆ, ಸಂಜೆಗೆ ಬಿದ್ದುಹೋಗತ್ತೆ. ಬೀಜಕ ಹರಡೋಕೆ ನೊಣ ಬೇಕಲ್ಲ, ಅದಕ್ಕೇ ಹೆಣದ ವಾಸನೆ. ಗಿಡಕ್ಕೆ ಮರದ ಹೊಟ್ಟು ಏನಾದ್ರೂ ಹಾಕಿದ್ರಾ?"

ಹಾಕಿದ್ದೆ. ನಾನೇ ಹಾಕಿದ್ದೆ. ಅತ್ತಿಗೆ ಹೇಳಿದ ಪ್ರತಿ ಮಾತೂ, ಕೆಂಪು, ಲೋಳೆ, ನೊಣ, ಎಲ್ಲವೂ ಅಕ್ಷರಶಃ ನಿಜವಾಗಿತ್ತು.

ನಂಜನಗೂಡು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಸೋಮವಾರವೇ ಫೋನ್ ಮಾಡಿದ್ದರೆ ಸಂಜೆಯೊಳಗೆ ಅವರು ತಮ್ಮನ ಪಕ್ಕದಲ್ಲಿರುತ್ತಿದ್ದರು. ಇಂಥ ವಿಷಯವನ್ನು ಫೋನಿನಲ್ಲಿ ಹೇಳಬಾರದು, ಖುದ್ದಾಗಿ ಹೋಗಿ ಕಾಲು ಹಿಡಿಯಬೇಕು ಎಂದುಕೊಂಡೆ. ಮಂಗಳವಾರ ಡಾಕ್ಟರು ಬರುತ್ತಾರೆಂದು ಹೋಗಲಿಲ್ಲ. ಬುಧವಾರ ಮಳೆ. ಮಳೆಯ ನೆಪ ಎಷ್ಟು ಹಳೆಯದೆಂದು ಮೂವತ್ತು ವರ್ಷ ಹಾಜರಿ ತೆಗೆದುಕೊಂಡ ನನಗೆ ಗೊತ್ತಿಲ್ಲವೇ? ನಿಜ ಇಷ್ಟೇ: ಅವರು ಬಂದರೆ ಯಾಕೆ ಹೋಗಿದ್ದರೆಂದು ಇವರಿಗೆ ತಿಳಿಯುತ್ತದೆ, ತಿಳಿದ ಮೇಲೆ ಇವರು ನನ್ನನ್ನು ಹೇಗೆ ನೋಡುತ್ತಾರೋ ಎಂಬ ಹೆದರಿಕೆ. ಇವರ ಕಣ್ಣಿನಲ್ಲಿ ನಾನು ಒಳ್ಳೆಯವಳಾಗಿಯೇ ಉಳಿಯಬೇಕಿತ್ತು.

ಬುಧವಾರ ಸಂಜೆ ಇವರು ಮಾಸ್ಕ್ ಸರಿಸಿ ಕೇಳಿದರು. "ಅಕ್ಕ ಯಾವಾಗ ಬರ್ತಾಳೆ?"

"ಅಳಿಯ ಸ್ವಲ್ಪ ಸುಧಾರಿಸ್ಕೊಳ್ಳಲಿ, ಬರ್ತಾರೆ."

"ನೀನೇ ಒಂದು ಸಲ ಕರಿಯೇ. ನೀನು ಕರೆದ್ರೆ ಬರ್ತಾಳೆ."

ಹೊರಗೆ ಬಂದು ನಂಬರ್ ಒತ್ತಿದೆ. ಆ ಕಡೆ ಒಂದು ಸಲ ರಿಂಗ್ ಆಯಿತು. ಕತ್ತರಿಸಿದೆ. ಗುರುವಾರ ಬೆಳಿಗ್ಗೆ ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಇವರು ಹೋಗಿದ್ದರು. ಯಂತ್ರ ಒಂದೇ ಓಡುತ್ತಿತ್ತು.

ಅತ್ತಿಗೆಗೆ ಆಗ ಫೋನ್ ಮಾಡಿದೆ. ಬಂದರು. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಆವತ್ತು ಅವರನ್ನು ತಡೆಯುವವರು ಯಾರೂ ಇರಲಿಲ್ಲ, ತಲೆ ಮುಟ್ಟಲು ಅವರೂ ಹೆದರಲಿಲ್ಲ. ನನ್ನ ಜೊತೆ ಮಾತಾಡಲಿಲ್ಲ. ಹನ್ನೆರಡು ದಿನ ಕರ್ಮಗಳೆಲ್ಲ ಮುಗಿಯುವ ತನಕವೂ ಆಡಲಿಲ್ಲ. ಹದಿಮೂರನೆಯ ದಿನ ಊಟ ಮುಗಿಸಿ ನೆಂಟರು ಹೊರಟ ಮೇಲೆ ಅಡಿಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವರ ಕಾಲು ಹಿಡಿದು ಎಲ್ಲ ಹೇಳಿದೆ. ಮೊಟ್ಟೆಯಲ್ಲ, ಅಣಬೆ, ನಾನೇ ತರಿಸಿದ ಹೊಟ್ಟಿನಲ್ಲಿ ಬೆಳೆದದ್ದು, ನಾನು ಪಾಪಿ, ಕ್ಷಮಿಸಿ.

ಅವರು ಒಂದೇ ಪ್ರಶ್ನೆ ಕೇಳಿದರು. "ನಿನಗೆ ಯಾವತ್ತು ಗೊತ್ತಾಯ್ತೇ ಇದು?"

ಸೋಮವಾರ ಎನ್ನಲು ಬಾಯಿ ತೆರೆದೆ. "ಇವರು ಹೋದ ಮೇಲೆ" ಎಂದೆ. "ನಾಲ್ಕು ದಿನ ಆದ ಮೇಲೆ."

ಅತ್ತಿಗೆಯ ಮುಖ ಸಡಿಲಾಯಿತು. ನನ್ನ ಭುಜ ಹಿಡಿದು ಎಬ್ಬಿಸಿದರು, ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಹೋಗ್ಲಿ ಬಿಡೇ, ಅಳಬೇಡ. ಅವನ ಹಣೆಬರಹ, ನನ್ನ ಹಣೆಬರಹ. ಮುಂಚೇನೇ ಗೊತ್ತಾಗಿದ್ರೆ ನೀನು ನನ್ನ ಕರೆಸದೆ ಇರ್ತಿದ್ಯಾ?"

"ಕರೆಸ್ತಿದ್ದೆ ಅತ್ತಿಗೆ" ಎಂದೆ.