ಶನಿಗೂ ಒಂದಿಷ್ಟು ಕೊಸರು

ಮೂಡುಬಿದಿರೆ ಪೇಟೆಯಲ್ಲಿ ಶಾಂತಿಪ್ರಸಾದರ ಜೀನಸು ಅಂಗಡಿಗೆ ಹೋದವರು ಸಕ್ಕರೆಯ ಜೊತೆಗೆ ಒಂದಿಷ್ಟು ಆಕಾಶವನ್ನೂ ಕಟ್ಟಿಸಿಕೊಂಡೇ ಬರಬೇಕು. ಆಕಾಶಕ್ಕೆ ಅವರು ದುಡ್ಡು ಹಿಡಿಯುವುದಿಲ್ಲ. ಅದಕ್ಕೇ ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ.

ತಂದೆಯ ಕಾಲದಿಂದ ಆ ಅಂಗಡಿಗೊಂದು ರಿವಾಜು: ತೂಗಿ ಆದ ಮೇಲೆ ಸಾಮಾನಿನ ತಟ್ಟೆಗೆ ಒಂದು ಚಿಟಿಕೆ ಹೆಚ್ಚು, ಕೊಸರು. ತಕ್ಕಡಿ ಹೋಗಿ ತೂಕದ ಮಿಷನ್ ಬಂದರೂ, ಅಂಕಿ ನಿಂತ ಮೇಲೆ ಅವರ ಕೈ ತಾನಾಗಿ ಇನ್ನೊಂದು ಚಿಟಿಕೆ ಉದುರಿಸುತ್ತದೆ. ಪೇಟೆಯವರು ಇದನ್ನು ಧರ್ಮ ಎನ್ನುತ್ತಾರೆ. ಆ ಚಿಟಿಕೆಗಾಗಿ ಗಿರಾಕಿಗಳು ನಾಲ್ಕು ಅಂಗಡಿ ದಾಟಿ ಬರುವುದನ್ನು ಕಂಡ ಎದುರಂಗಡಿಯವರು ಮಾತ್ರ ಬೇರೆ ಹೆಸರು ಕೊಡುತ್ತಾರೆ.

ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ನೆರೆಮನೆಯಲ್ಲಿ ರಾತ್ರಿಗೆ ಅಕ್ಕಿ ತೊಳೆಯುವಾಗ ಶಾಂತಿಪ್ರಸಾದರು ಕೈ ಒರೆಸಿಕೊಂಡು, ಪುತ್ತಿಗೆಯ ಮನೆಯ ತಾರಸಿಯಲ್ಲಿ ದೂರದರ್ಶಕದ ಮುಂದೆ ತಯಾರು.

ಅಡ್ಡಿ ಒಂದೇ. ಭೂಮಿ ತಿರುಗುವುದರಿಂದ, ಕೊಳವೆಯಲ್ಲಿ ಸಿಕ್ಕಿದ ಗ್ರಹವು ಬೆಲೆ ಕೇಳಿದ ಗಿರಾಕಿಯ ಹಾಗೆ ಮೆಲ್ಲನೆ ಜಾರಿಕೊಳ್ಳುತ್ತದೆ. ಅದರ ಬೆನ್ನು ಹತ್ತಲು ದೂರದರ್ಶಕವನ್ನು ತಾನಾಗಿ ತಿರುಗಿಸುವ ಮೋಟಾರಿನ ಪೀಠ ಬೇಕು. ಅವರ ಹಳೆಯ ಪೀಠದಲ್ಲಿ ಹಲ್ಲುಚಕ್ರಗಳಿದ್ದವು. ಮೋಟಾರು ಒಂದು ಹೇಳಿದರೆ ಚಕ್ರಗಳು ಕೊಂಚ ಯೋಚಿಸಿ ಇನ್ನೊಂದು ಮಾಡುತ್ತಿದ್ದವು. ನಡುವೆ ದಲ್ಲಾಳಿಗಳು ಜಾಸ್ತಿಯಾದರು ಎಂದು ಶಾಂತಿಪ್ರಸಾದರು ತೀರ್ಮಾನಿಸಿದರು. ಚಕ್ರ, ಬೆಲ್ಟು ಯಾವುದೂ ಇಲ್ಲದೆ ಮೋಟಾರೇ ನೇರವಾಗಿ ತಿರುಗಿಸುವ ಪೀಠ ಹೊರದೇಶದಲ್ಲಿ ಸಿಗುತ್ತದೆ. ಅದರ ಬೆಲೆ ನೋಡಿ ಮೊಬೈಲನ್ನು ಕವುಚಿ ಇಟ್ಟರು.

ಆಗಲೇ ಹೆಂಡತಿ ಪದ್ಮಲತಾರ ಬಟ್ಟೆ ಒಗೆಯುವ ಮಿಷನ್ ಕೆಟ್ಟಿತು. ರಿಪೇರಿ ಮಾಡುವ ಮಡಂತ್ಯಾರಿನ ಲತೇಶ್ ಬಿಚ್ಚಿ ನೋಡಿದ. “ಬೋರ್ಡ್ ಸತ್ತಿದೆ ಪ್ರಸಾದಣ್ಣ, ಈ ಮಾಡೆಲ್ಲಿನದ್ದು ಈಗ ಬರುವುದಿಲ್ಲ. ಮೋಟಾರು ಮಾತ್ರ ಬೆಲ್ಟ್ ಇಲ್ಲದ್ದು, ಡ್ರಮ್ಮಿಗೆ ನೇರ ಕೂತದ್ದು. ಚಿನ್ನದ ಹಾಗೆ ಉಂಟು.”

ಅವನು ಹಾಗೆ ಹೇಳಬಾರದಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಮೋಟಾರು ತಾರಸಿ ಹತ್ತಿತ್ತು. ವಯರು ಬೆಸೆದುಕೊಟ್ಟವನೂ ಲತೇಶನೇ. ಒಂದು ಕಡೆ ದೂರದರ್ಶಕ, ಇನ್ನೊಂದು ಕಡೆ ಸರಳಿಗೆ ಪೋಣಿಸಿದ ಅಂಗಡಿಯ ಹಳೆಯ ಕಬ್ಬಿಣದ ತೂಕದ ಕಲ್ಲುಗಳು, ನಡುವೆ ಮೋಟಾರು. ಆದರೆ ಶನಿಗ್ರಹ ಸ್ವಲ್ಪ ಹೊತ್ತು ನಿಂತಂತೆ ಮಾಡುತ್ತಿತ್ತು. ಆಮೇಲೆ ಮೋಟಾರು ಗುಂಯ್‌ಗುಟ್ಟಿ, ಬಿಸಿಯೇರಿ ಕೈಬಿಡುತ್ತಿತ್ತು. ಕೊಳವೆ ಕೆಳಕ್ಕೆ ವಾಲುತ್ತಿತ್ತು.

ಡಿಸೆಂಬರಿನ ಒಂದು ಸಂಜೆ ಲತೇಶ್ ಗೆದ್ದವನಂತೆ ಬಂದ. “ಅಕ್ಕಾ, ಬಿ.ಸಿ.ರೋಡಿನ ಗುಜರಿಯಲ್ಲಿ ನಿಮ್ಮ ಬೋರ್ಡ್ ಸಿಕ್ಕಿತು! ಮೋಟಾರು ಇನ್ನೂ ಮೇಲೆಯೇ ಉಂಟಾ?”

ಪದ್ಮಲತಾ ತಾರಸಿಯ ಕಡೆಗೆ ಬೆರಳು ತೋರಿಸಿದರು. ಹಿಂದೆಯೇ ಹತ್ತಿದರು ಕೂಡ.

“ಜನ ಶನಿ ಬಿಟ್ಟು ಹೋಗಲಿ ಅಂತ ಎಳ್ಳೆಣ್ಣೆ ದೀಪ ಹಚ್ತಾರೆ. ಇವರು ಶನಿಯನ್ನು ಹಿಡಿದು ನಿಲ್ಲಿಸ್ಲಿಕ್ಕೆ ನನ್ನ ಮಿಷನ್ ಬಿಚ್ಚಿದ್ದಾರೆ.”

“ಇವತ್ತೊಂದು ಸಲ ನೋಡು ಪದ್ಮಾ. ಶನಿ ನಿಂತರೆ?”

“ನಾನು ಸಾವಕಾಶ ನೋಡಿ ಮುಗಿಸುವವರೆಗೆ ನಿಂತರೆ ಮೋಟಾರು ನಿಮಗೆ. ಜಾರಿದರೆ ಲತೇಶ ಈಗಲೇ ಬಿಚ್ತಾನೆ.”

ಲತೇಶ್ ಸ್ಕ್ರೂಡ್ರೈವರ್ ಹೊರತೆಗೆದ. “ನಂದೇನಿಲ್ಲ ಪ್ರಸಾದಣ್ಣ. ಇಬ್ಬರೂ ನನ್ನ ಗಿರಾಕಿಗಳೇ.”

ಶಾಂತಿಪ್ರಸಾದರು ಮೋಟಾರು ಬಂದ್ ಮಾಡಿ ತೂಕ ಹೊಂದಿಸಿದರು. ಕಲ್ಲುಗಳನ್ನು ಅತ್ತಿತ್ತ ಸರಿಸಿದ ಹಾಗೆ ಕೊಳವೆ ಸಮನಾಗಿ ತೇಲಿ ನಿಂತಿತು. ಅಷ್ಟಕ್ಕೇ ಬಿಡಬಹುದಿತ್ತು. ಅವರ ಹೆಬ್ಬೆರಳು ಕಲ್ಲನ್ನು ಇನ್ನೊಂಚೂರು ಒಳಕ್ಕೆ ತಳ್ಳಿತು. ಕೊಳವೆಯ ಕಡೆ ತುಸು ತಗ್ಗಿತು.

“ಹಾಂ, ಈಗ ಸರಿ.”

“ಎಲ್ಲಿ ಸರಿ?” ಎಂದರು ಪದ್ಮಲತಾ. “ಆಗ ಸಮ ಇತ್ತು. ಈಗ ಕೊಳವೆ ಕೆಳಗೆ ಉಂಟಲ್ಲ.”

“ಅಷ್ಟು ಬೇಕು.”

“ಯಾರಿಗೆ?”

ಶಾಂತಿಪ್ರಸಾದರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

“ಇಲ್ಲಿ ಗಿರಾಕಿ ಯಾರು? ಶನಿಯಾ? ಅವನಿಗೂ ಕೊಸರು ಕೊಟ್ರಾ?”

ಲತೇಶ್ ನಗುತ್ತಾ ಕೂತೇಬಿಟ್ಟ. “ಅಯ್ಯೋ ಮಾರಾಯ್ರೆ! ಹಲ್ಲುಚಕ್ರ ಇದ್ದಿದ್ರೆ ಅದು ಹೇಗೋ ತಡ್ಕೊಳ್ತಿತ್ತು. ಇಲ್ಲಿ ನಡುವೆ ಯಾರೂ ಇಲ್ಲ. ನಿಮ್ಮ ಕೊಸರು ಪೂರಾ ಮೋಟಾರೇ ಹೊತ್ತು ಸಾಯ್ತಾ ಉಂಟು!”

ಶಾಂತಿಪ್ರಸಾದರು ಮತ್ತೆ ಸಮ ಮಾಡಿದರು. ತಪ್ಪು ಗೊತ್ತಾದ ಮೇಲೂ ಹೆಬ್ಬೆರಳಿಗೆ ಗೊತ್ತಾಗಲಿಲ್ಲ, ಮತ್ತೆ ತಳ್ಳಿತು.

“ಕೈ ಹಿಂದೆ ಕಟ್ಟಿ ಅಲ್ಲಿ ನಿಲ್ಲಿ” ಎಂದು ಗದರಿಸಿ ಪದ್ಮಲತಾ ತಾವೇ ಕಲ್ಲು ಸರಿಸಿದರು. ಪಂತದಲ್ಲಿ ತನ್ನ ಮೋಟಾರನ್ನು ತಾನೇ ಕಳೆದುಕೊಳ್ಳುತ್ತಿದ್ದೇನೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಆದರೆ ಓರೆ ತೂಕವನ್ನು ನೋಡಿ ಸುಮ್ಮನಿರಲು ವ್ಯಾಪಾರದ ಮನೆಯ ಹೆಂಗಸಿಗೆ ಆಗುವುದುಂಟೇ?

ಮೋಟಾರು ಚಾಲೂ ಆಯಿತು. ಗುಂಯ್ ಎನ್ನಲಿಲ್ಲ. ಪದ್ಮಲತಾ ಕಣ್ಣಿಟ್ಟರು. ಲತೇಶ್ ಮೋಟಾರು ಮುಟ್ಟಿ ನೋಡಿದ, ತಣ್ಣಗಿತ್ತು. ನೆರೆಮನೆಯ ಕುಕ್ಕರ್ ಕೂಗಿ ಕೂಗಿ ಆರಿತು. ಪದ್ಮಲತಾ ಕೊಳವೆಯಿಂದ ಕಣ್ಣು ಕೀಳಲಿಲ್ಲ.

“ನಿಂತಿದೆಯಾ?” ಶಾಂತಿಪ್ರಸಾದರ ದನಿ ಸಣ್ಣದಾಗಿತ್ತು.

“ಉಂಡೆಗೆ ಕಡ್ಡಿ ಚುಚ್ಚಿಟ್ಟ ಹಾಗೆ ಉಂಟು. ಶನಿಯ ಸುತ್ತ ಬಳೆ ಉಂಟು ಅಂತಿದ್ರಲ್ಲ, ಎಲ್ಲಿ?”

“ಆ ಕಡ್ಡಿಯೇ ಬಳೆ. ಈ ವರ್ಷ ಅಂಚು ಮಾತ್ರ ನಮ್ಮ ಕಡೆಗೆ.”

“ನನಗೆ ತೋರಿಸುವ ವರ್ಷವೇ ಅದಕ್ಕೆ ಜಿಪುಣತನ” ಎಂದು ಮತ್ತಷ್ಟು ಹೊತ್ತು ನೋಡಿ, ಕೊನೆಗೆ ನೆಟ್ಟಗೆ ನಿಂತರು. “ಲತೇಶ, ಸ್ಕ್ರೂಡ್ರೈವರ್ ಒಳಗಿಡು. ನನ್ನ ಮಿಷನ್ನಿಗೆ ಬೇರೆ ಮೋಟಾರು ಹುಡುಕು.”

ಶಾಂತಿಪ್ರಸಾದರ ಮುಖ ಹಿಗ್ಗಿತು.

“ಅದು ಸಿಗುವವರೆಗೆ ಬೆಡ್‌ಶೀಟು ನೀವೇ ಒಗೆಯುವುದು.”

“ಆಯ್ತು.”

“ದಿಂಬಿನ ಕವರೂ.”

“ಅದು ಮಾತಿನಲ್ಲಿ ಇರಲಿಲ್ಲವಲ್ಲ ಪದ್ಮಾ?”

“ಅದು ಕೊಸರು” ಎಂದು ಪದ್ಮಲತಾ ಮೆಟ್ಟಿಲಿಳಿದರು.